ದೆವ್ವಗಳಿಗೆ ಸಹಿ ಹಾಕೋ ಹಕ್ಕಿಲ್ಲ

ಭೂತಬಂಗಲೆ ಸಿನಿಮಾಗಳ ಬಗ್ಗೆ ನನ್ನದೊಂದು ಹಳೇ ತಕರಾರಿದೆ. ಎಲ್ಲದರಲ್ಲೂ ಕಥೆ ಒಂದೇ. ಯಾರೋ ಹೊಸಬರು ಒಂದು ಹಳೇ ಮನೆ ಕೊಳ್ಳುತ್ತಾರೆ. ಯಾಕೋ ಏನೋ, ಬಹಳ ಸೋವಿಗೆ ಸಿಕ್ಕಿರುತ್ತದೆ. ಊರವರು ಬೇಡ ಅಂತಾರೆ, ಇವರು ಕೇಳಲ್ಲ. ರಾತ್ರಿ ಬಾಗಿಲು ಕಿರ್ರ್ ಅನ್ನುತ್ತೆ, ಗೆಜ್ಜೆ ಸದ್ದು ಕೇಳುತ್ತೆ. ಕೊನೆಗೆ ಮಂತ್ರವಾದಿಯೋ, ಪಾದ್ರಿಯೋ, ಮನೋವೈದ್ಯನೋ ಬಂದು ದೆವ್ವವನ್ನು ಓಡಿಸಿ ಹೊಸ ಮಾಲೀಕರಿಗೆ ಮನೆ ಖಾಲಿ ಮಾಡಿಕೊಡುತ್ತಾನೆ. ನಮ್ಮ 'ಆಪ್ತಮಿತ್ರ' (2004) ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಟ್ಟಿನಲ್ಲಿ ಇದು ಬಾಡಿಗೆದಾರರನ್ನು ಬಿಡಿಸೋ ಕಥೆ. ಮನೆಯಲ್ಲಿ ಮುಂಚಿನಿಂದ ಇದ್ದವರು ದೆವ್ವ, ನಿನ್ನೆ ಕ್ರಯಪತ್ರ ಮಾಡಿಸಿಕೊಂಡವರು ಮನುಷ್ಯರು. ಇದರಲ್ಲಿ ನಾವು ಯಾವತ್ತೂ ಕ್ರಯಪತ್ರದ ಕಡೆಗೇ ಯಾಕೆ ಚಪ್ಪಾಳೆ ಹೊಡೀಬೇಕು?

ಈ ತಕರಾರಿಗೆ ಉತ್ತರ ಅನ್ನೋ ಹಾಗೆ ಇರೋ ಸಿನಿಮಾ ಇಟಲಿಯದು. 'ಫಾಂತಾಸ್ಮಿ ಅ ರೋಮಾ', ಅಂದರೆ ರೋಮಿನ ದೆವ್ವಗಳು. 1961ರದ್ದು, ನಿರ್ದೇಶಕ ಅಂತೋನಿಯೋ ಪಿಯೆತ್ರಾಂಜೆಲಿ. ಚಿತ್ರಕಥೆ ಬರೆದವರಲ್ಲಿ ಎನ್ನಿಯೋ ಫ್ಲಾಯಾನೋ ಇದ್ದಾನೆ (ಫೆಲಿನಿಯ 'ಲಾ ದೋಲ್ಚೆ ವೀತಾ' ಬರೆದವರಲ್ಲೊಬ್ಬ), ಮುಂದೆ ದೊಡ್ಡ ನಿರ್ದೇಶಕನಾದ ಎತ್ತೊರೆ ಸ್ಕೋಲಾ ಇದ್ದಾನೆ. ಸಂಗೀತ ನೀನೋ ರೋತಾ, 'ಗಾಡ್‌ಫಾದರ್' ಸಂಗೀತ ಮಾಡಿದನಲ್ಲ, ಅವನೇ. ಇಷ್ಟೆಲ್ಲ ಘಟಾನುಘಟಿಗಳು ಸೇರಿ ಮಾಡಿದ್ದು ಒಂದು ತಮಾಷೆ ಸಿನಿಮಾ. ಅದಕ್ಕೇ ಇರಬೇಕು, ಇಟಲಿಯ 'ಶ್ರೇಷ್ಠ ಚಿತ್ರ'ಗಳ ಪಟ್ಟಿ ಮಾಡೋರು ಇದನ್ನು ಮರೆತೇಬಿಡ್ತಾರೆ. ಪಿಯೆತ್ರಾಂಜೆಲಿಯ ಹೆಸರು ಬಂದರೂ 1965ರ 'ಇಯೋ ಲಾ ಕೊನೋಶೇವೋ ಬೇನೆ'ಗಾಗಿ ಬರುತ್ತೆ.

ಕಥೆ ಹೇಳಿಬಿಡ್ತೀನಿ. ಅರವತ್ತು ವರ್ಷ ದಾಟಿದ ಸಿನಿಮಾ, ಸಸ್ಪೆನ್ಸ್ ಹಾಳಾಯ್ತು ಅಂತ ಬಯ್ಯಬೇಡಿ.

ರೋಮಿನಲ್ಲಿ ಒಂದು ಹಳೇ ಅರಮನೆ. ಅರಮನೆ ಅಂದ್ರೆ ಮೈಸೂರಿನದರ ಹಾಗಲ್ಲ, ಗಲ್ಲಿ ನಡುವೆ ಇರೋ ದೊಡ್ಡ ಹಳೇ ಕಟ್ಟಡ. ಅದರಲ್ಲಿ ರೋವಿಯಾನೋ ವಂಶದ ಮುದಿ ರಾಜಕುಮಾರ ದೋನ್ ಆನ್ನಿಬಾಲೆ ಇರುತ್ತಾನೆ. ಕಾಸಿಲ್ಲ, ಆದರೆ ಮನೆ ಮಾರೋದಿಲ್ಲ. ಒಂದು ರಿಯಲ್ ಎಸ್ಟೇಟ್ ಕಂಪನಿ ಮನೆ ಕೆಡವಿ ಸೂಪರ್ ಮಾರ್ಕೆಟ್ ಕಟ್ಟೋಕೆ ಅವನ ಹಿಂದೆ ಬಿದ್ದಿದೆ. ಅವನ ಜೊತೆ ಆ ಮನೆಯಲ್ಲಿ ಇರೋದು ಅವನ ವಂಶದ, ಮನೆತನದ ದೆವ್ವಗಳು. ಹೆಂಗಸರ ಹಿಂದೆ ಸುತ್ತೋ ಶೋಕಿಲಾಲ ರೆಜಿನಾಲ್ದೋ, ಹೊಟ್ಟೆಬಾಕ ಸನ್ಯಾಸಿ ಫ್ರಾ ಬಾರ್ತೊಲೊಮೆಯೋ, ಪ್ರೇಮಕ್ಕಾಗಿ ತೀಬೆರ್ ನದಿಗೆ ಹಾರಿದ ದೋನ್ನಾ ಫ್ಲೋರಾ, ಮತ್ತೆ ಪೋಲ್ದಿನೋ ಅನ್ನೋ ಚಿಕ್ಕ ಹುಡುಗ. ಮುದುಕನಿಗೆ ಅವರ್ಯಾರೂ ಕಾಣಲ್ಲ. ಆದರೂ ಇದ್ದಾರೆ ಅಂತ ಗೊತ್ತು. ಹಾಗಾಗಿ ಖಾಲಿ ಕೋಣೆಗಳ ಜೊತೆ ಮಾತಾಡಿಕೊಂಡು, ಮರ್ಯಾದೆ ಕೊಟ್ಟುಕೊಂಡು ಓಡಾಡುತ್ತಾನೆ. ಈ ಪಾತ್ರ ಮಾಡಿದ್ದು ನೇಪಲ್ಸಿನ ರಂಗಭೂಮಿಯ ದೊಡ್ಡಣ್ಣ ಎದುವಾರ್ದೋ ದೆ ಫಿಲಿಪ್ಪೋ. ಕಾಣದೇ ಇರೋರ ಜೊತೆ ಅವನು ಎಷ್ಟು ಸಹಜವಾಗಿ ಇರುತ್ತಾನೆ ಅಂದ್ರೆ, ಇದರಲ್ಲಿ ಹುಚ್ಚೇನಿದೆ ಅಂತ ನಮಗೂ ಅನ್ನಿಸಿಬಿಡುತ್ತೆ. ನಮ್ಮಲ್ಲೂ ದೀಪ ಹಚ್ಚೋವಾಗ ಯಾರ್ಯಾರ ಹತ್ರವೋ ಮಾತಾಡೋ ಅಜ್ಜಿಯರಿದ್ದಾರಲ್ಲ, ಹಾಗೆ.

ಒಂದು ದಿನ ನೀರು ಕಾಯಿಸೋ ಬಾಯ್ಲರ್ ಸಿಡಿದು ಮುದುಕ ಸಾಯುತ್ತಾನೆ. ಸತ್ತು ಆ ಗುಂಪಿಗೇ ಸೇರುತ್ತಾನೆ. ಮನೆ ಸೋದರಳಿಯ ಫೆದೆರೀಕೋನ ಪಾಲಾಗುತ್ತೆ. ಅವನಿಗೆ ಸಾಲ, ಶೋಕಿ, ಜೊತೆಗೊಬ್ಬಳು ಐಲೀನ್ ಅನ್ನೋ ಬೆಡಗಿ. (ಆ ಪಾತ್ರ ಮಾಡಿದ ಇಂಗ್ಲೆಂಡಿನ ನಟಿ ಬೆಲಿಂಡಾ ಲೀ, ಪಾಪ, 1961ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಳು.) ಅವನು ಬಂದವನೇ ಮನೆ ಮಾರೋಕೆ ಹೊರಡುತ್ತಾನೆ. ದೆವ್ವಗಳಿಗೆ ದಿಗಿಲಾಗೋದು ಆಗ. ನೋಡಿ, ಈ ಸಿನಿಮಾದಲ್ಲಿ ಹೆದರೋದು ದೆವ್ವಗಳು, ಹೆದರಿಸೋದು ಬಿಲ್ಡರ್.

ಇಲ್ಲೊಂದು ಸೂಕ್ಷ್ಮ ಇದೆ. ಮಾರೋಕೆ ಹೊರಟ ಫೆದೆರೀಕೋ ಮತ್ತು ಉಳಿಸೋಕೆ ಒದ್ದಾಡೋ ದೆವ್ವ ರೆಜಿನಾಲ್ದೋ, ಎರಡೂ ಪಾತ್ರ ಮಾಡಿದ್ದು ಒಬ್ಬನೇ, ಮಾರ್ಚೆಲ್ಲೋ ಮಾಸ್ತ್ರೋಯಾನ್ನಿ. (ಗೀನೋ ಅಂತ ಮೂರನೇದೊಂದು ಪಾತ್ರವನ್ನೂ ಅವನೇ ಮಾಡಿದ್ದಾನೆ, ಅದು ಬಿಡಿ.) ಡಬಲ್ ರೋಲ್ ಅಂದ ಕೂಡ್ಲೆ ನಮಗೆ ಕಳೆದುಹೋದ ಅವಳಿ ಮಕ್ಕಳು ನೆನಪಾಗ್ತಾರೆ. ಇಲ್ಲಿ ಅದಲ್ಲ. ಸ್ಟಾರ್ ಒಬ್ಬನನ್ನು ಪೂರ್ತಿ ಬಳಸಿಕೊಳ್ಳೋ ವ್ಯಾಪಾರದ ಲೆಕ್ಕಾಚಾರ ಇದ್ದಿರಬಹುದು, ಇರಲಿ. ಆದರೆ ಪರದೆ ಮೇಲೆ ಕಾಣೋದು ಬೇರೆ. ಮನೆ ಮಾರೋನ ಮುಖವೂ ಮನೆಗೆ ಅಂಟಿಕೊಂಡೋನ ಮುಖವೂ ಒಂದೇ. ಬಿಲ್ಡರ್ ಹೊರಗಿನವನು, ಅವನು ಬಾಗಿಲು ತಟ್ಟುತ್ತಾನೆ ಅಷ್ಟೇ. ಬಾಗಿಲು ತೆಗೆಯೋನು ಮನೆಯವನೇ.

ಎದುವಾರ್ದೋ ವಿಷಯ ಬಂದ ಮೇಲೆ ಸ್ವಲ್ಪ ಅಡ್ಡದಾರಿ ಹಿಡೀತೀನಿ. ಅವನಿಗೂ ದೆವ್ವದ ಮನೆಗೂ ಹಳೇ ನಂಟು. 1946ರ ಜನವರಿಯಲ್ಲಿ ರೋಮಿನಲ್ಲಿ ರಂಗಕ್ಕೇರಿದ ಅವನ ನಾಟಕ 'ಕ್ವೆಸ್ತಿ ಫಾಂತಾಸ್ಮಿ', ಅಂದ್ರೆ 'ಈ ದೆವ್ವಗಳು'. ನೇಪಲ್ಸಿನ ಒಂದು ದೊಡ್ಡ ಹಳೇ ಮನೆಗೆ ದೆವ್ವದ ಮನೆ ಅಂತ ಹೆಸರು ಬಂದುಬಿಟ್ಟಿದೆ. ಪಾಸ್ಕ್ವಾಲೆ ಅನ್ನೋ ಬಡಪಾಯಿಗೆ ಅದು ಐದು ವರ್ಷ ಬಾಡಿಗೆ ಇಲ್ಲದೆ ಸಿಗುತ್ತೆ. ಷರತ್ತು ಒಂದೇ, ದಿನಾ ಬಾಲ್ಕನಿಗಳಲ್ಲಿ ಕಾಣಿಸಿಕೊಂಡು ಇಲ್ಲಿ ದೆವ್ವ ಗಿವ್ವ ಏನೂ ಇಲ್ಲ ಅಂತ ಊರಿಗೆ ತೋರಿಸಬೇಕು. ಆಮೇಲೆ ಅವನ ಕೋಟಿನ ಜೇಬಿನಲ್ಲಿ ದುಡ್ಡು ಪ್ರತ್ಯಕ್ಷವಾಗೋಕೆ ಶುರುವಾಗುತ್ತೆ. ದೆವ್ವ ಕೊಡ್ತಿದೆ ಅಂತ ಅವನು ನಂಬುತ್ತಾನೆ. ನಿಜಕ್ಕೂ ಇಡ್ತಿರೋದು ಅವನ ಹೆಂಡತಿಯ ಪ್ರಿಯಕರ. ಅವನಿಗೆ ಗೊತ್ತೋ, ಗೊತ್ತಿಲ್ಲದ ಹಾಗೆ ಇದ್ದಾನೋ ಅನ್ನೋದರಲ್ಲೇ ನಾಟಕದ ಜೀವ ಇದೆ. ಯುದ್ಧ ಮುಗಿದು ಊರೆಲ್ಲ ಬಾಂಬಿಗೆ ಬಿದ್ದು ಮನೆಗಳೇ ಇಲ್ಲದ ಹೊತ್ತಲ್ಲಿ ಬರೆದದ್ದು. ದೆವ್ವ ಇದ್ರೂ ಪರವಾಗಿಲ್ಲ, ಬಾಡಿಗೆ ಇಲ್ವಲ್ಲ!

ಅದರಲ್ಲೊಂದು ಪ್ರಸಿದ್ಧ ದೃಶ್ಯ. ಪಾಸ್ಕ್ವಾಲೆ ಬಾಲ್ಕನಿಯಲ್ಲಿ ಕೂತು ಎದುರು ಮನೆಯ ಪ್ರೊಫೆಸರ್‌ಗೆ ಕಾಫಿ ಮಾಡೋದು ಹೇಗೆ ಅಂತ ಪಾಠ ಹೇಳುತ್ತಾನೆ. ಆ ಪ್ರೊಫೆಸರ್ ನಾಟಕದಲ್ಲಿ ಎಲ್ಲೂ ಕಾಣೋದೇ ಇಲ್ಲ. ಡಿಕಾಕ್ಷನ್ ಇಳಿಯೋವಾಗ ಪಾತ್ರೆಯ ಮೂತಿಗೆ ಕಾಗದದ ಪೊಟ್ಟಣದ ಟೋಪಿ ಹಾಕಬೇಕು, ಘಮ ಹೊರಗೆ ಹೋಗಬಾರದು ಅಂತಾನೆ. ಫಿಲ್ಟರ್ ಕಾಫಿ ಮಂದಿಗೆ ಇದು ಅರ್ಥವಾಗದೇ ಇದ್ದರೆ ಇನ್ಯಾರಿಗೆ ಆಗಬೇಕು :) ಈ ನಾಟಕ 1954ರಲ್ಲಿ ಎದುವಾರ್ದೋನ ಕೈಯಲ್ಲೇ ಸಿನಿಮಾ ಆಯ್ತು. 1967ರಲ್ಲಿ ಸೋಫಿಯಾ ಲಾರೆನ್, ವಿತ್ತೋರಿಯೋ ಗಾಸ್ಮನ್ ಇಟ್ಟುಕೊಂಡು ರೆನಾತೋ ಕಾಸ್ತೆಲ್ಲಾನಿ ಇನ್ನೊಮ್ಮೆ ಮಾಡಿದ. ಕಾಣದ ಪ್ರೊಫೆಸರ್ ಜೊತೆ ಮಾತಾಡೋ ಪಾತ್ರ ಬರೆದವನೇ ಕಾಣದ ದೆವ್ವಗಳ ಜೊತೆ ಮಾತಾಡೋ ಮುದುಕನಾಗಿ ಬಂದದ್ದು ನನಗಂತೂ ಭಾರೀ ಖುಷಿ ಕೊಟ್ಟಿತು.

ಸರಿ, ಅರಮನೆಗೆ ವಾಪಸ್ ಬರೋಣ. ದೆವ್ವಗಳು ಏನು ಮಾಡಬೇಕು? ಹೆದರಿಸಬಹುದು, ಆದರೆ ಜೆಸಿಬಿ ಹೆದರಲ್ಲ. ತಾವು ಇನ್ನೂರು ಮುನ್ನೂರು ವರ್ಷದಿಂದ ಅಲ್ಲಿದ್ದೀವಿ ಅನ್ನೋದು ಯಾವ ಆಫೀಸಿನಲ್ಲೂ ದಾಖಲೆ ಆಗಲ್ಲ. ಪ್ರೀತಿಸಿದ್ದು, ಸತ್ತದ್ದು, ಅತ್ತದ್ದು ಯಾವುದೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರೋದು ಕಾನೂನು. ಇಟಲಿಯಲ್ಲಿ 1939ರಿಂದಲೇ ಒಂದು ಕಾನೂನಿತ್ತು, 1089ನೇ ನಂಬರಿನದು. ಕಲೆಯ ದೃಷ್ಟಿಯಿಂದಲೋ ಚರಿತ್ರೆಯ ದೃಷ್ಟಿಯಿಂದಲೋ ಮಹತ್ವದ್ದು ಅಂತ ಸರ್ಕಾರ ಘೋಷಿಸಿದ ಖಾಸಗಿ ಕಟ್ಟಡವನ್ನು ಅದರ ಮಾಲೀಕನೇ ಆದರೂ ಅನುಮತಿ ಇಲ್ಲದೆ ಮುಟ್ಟೋ ಹಾಗಿಲ್ಲ. ಅಂದ್ರೆ ಮನೆ ಉಳೀಬೇಕಾದರೆ ಅದರಲ್ಲಿ 'ಮಹತ್ವ' ಇರಬೇಕು. ಇಲ್ಲದಿದ್ದರೆ? ತಯಾರು ಮಾಡಬೇಕು!

ಹಾಗಾಗಿ ಅವರು ಇನ್ನೊಂದು ದೆವ್ವವನ್ನು ಹುಡುಕಿಕೊಂಡು ಹೋಗುತ್ತಾರೆ. ಅವನು ಹದಿನೇಳನೇ ಶತಮಾನದ ಚಿತ್ರಕಾರ, ಅಡ್ಡಹೆಸರು 'ಕಪಾರ್ರಾ'. ಇಟಾಲಿಯನ್ನಿನಲ್ಲಿ ಕಪಾರ್ರಾ ಅಂದ್ರೆ ಮುಂಗಡ, ಅಡ್ವಾನ್ಸ್ :) ಗಾಸ್ಮನ್ ಈ ಪಾತ್ರವನ್ನು ಚಪ್ಪರಿಸಿಕೊಂಡು ಮಾಡಿದ್ದಾನೆ. ಮಹಾ ಜಂಬದ ಮನುಷ್ಯ, ಬಾಯಿ ತೆಗೆದರೆ ಕಾರಾವಾಜ್ಜೋ ಮೇಲೆ ಉರಿದು ಬೀಳುತ್ತಾನೆ. ತನಗೆ ಸಿಗಬೇಕಾದ ಹೆಸರೆಲ್ಲ ಆ ಕಳ್ಳನಿಗೆ ಹೋಯ್ತು ಅನ್ನೋದು ಸತ್ತ ಮೇಲೂ ಆರದ ಹೊಟ್ಟೆಯುರಿ. ಅವನು ಬಂದು ಅರಮನೆಯಲ್ಲಿ ಗುಟ್ಟಾಗಿ ಒಂದು ಭಿತ್ತಿಚಿತ್ರ ಬಿಡಿಸುತ್ತಾನೆ. ಪಂಡಿತರು ಬರ್ತಾರೆ, ನೋಡ್ತಾರೆ, ಬೆರಗಾಗ್ತಾರೆ. ತೀರ್ಪು ಕೊಡ್ತಾರೆ: ಇದು ಕಾರಾವಾಜ್ಜೋನದ್ದು!

ಮನೆ ಉಳೀತು. ಕಪಾರ್ರಾ ಕಥೆ ಏನಾಗಿರಬೇಡ, ನೀವೇ ಯೋಚಿಸಿ.

ಇದನ್ನು 'ಸಿಹಿಯಾದ ಹಳೇ ಹಾಸ್ಯ', 'ಸುಖಾಂತ್ಯ' ಅಂತ ಬೆನ್ನು ತಟ್ಟಿ ಬಿಡೋರನ್ನು ನಾನು ಒಪ್ಪೋದಿಲ್ಲ. ಇದಕ್ಕಿಂತ ಕಹಿಯಾದ ಸುಖಾಂತ್ಯ ನಾನು ನೋಡಿಲ್ಲ. ಮನೆ ಉಳಿದದ್ದು ಅಲ್ಲಿ ಬದುಕಿದವರಿಂದ ಅಲ್ಲ. ಚಿತ್ರ ಚೆನ್ನಾಗಿತ್ತು ಅಂತಲೂ ಅಲ್ಲ. ಅದೇ ಚಿತ್ರ, ಅದೇ ಬಣ್ಣ, ಅದೇ ಕೈ, ಕಪಾರ್ರಾ ಅಂತ ಸಹಿ ಇದ್ದಿದ್ದರೆ ಸೂಪರ್ ಮಾರ್ಕೆಟ್ಟೇ ಗತಿ. ಒಂದು ದೊಡ್ಡ ಹೆಸರು, ಅದೂ ಸುಳ್ಳು ಹೆಸರು, ಮನೆಯನ್ನು ಕಾಪಾಡಿತು. ನಿಜ ಹೇಳಿದ್ದರೆ ಮನೆ ಬೀಳ್ತಿತ್ತು.

ಇದು ಬರೀ ಸಿನಿಮಾ ಅಲ್ಲ ಅನ್ನೋದಕ್ಕೆ ರೋಮಿನದೇ ಒಂದು ನಿಜ ಸಂಗತಿ ಇದೆ. ಒಂದು ಕಾಲದಲ್ಲಿ ಅಲ್ಲಿ ವಿಲ್ಲಾ ಲುದೊವೀಸಿ ಅಂತ ದೊಡ್ಡ ತೋಟದ ಎಸ್ಟೇಟಿತ್ತು. ರೋಮ್ ಹೊಸ ಇಟಲಿಯ ರಾಜಧಾನಿಯಾದ ಮೇಲೆ, 1880ರ ದಶಕದಲ್ಲಿ, ಆ ಮನೆತನದವರೇ ಅದನ್ನು ಸೈಟು ಮಾಡಲು ಮಾರಿದರು. ಮರ ಕಡಿದು ರಸ್ತೆ ಎಳೆದರು. ಅಲ್ಲಿ ಎದ್ದ ಬಡಾವಣೆಯ ನಡುವೆ ಹಾದುಹೋಗೋ ಬೀದಿಯೇ ವಿಯಾ ವೆನೆತೋ, 'ಲಾ ದೋಲ್ಚೆ ವೀತಾ'ದಲ್ಲಿ ಮಾಸ್ತ್ರೋಯಾನ್ನಿ ಅಲೆಯೋ ಬೀದಿ! ಉಳಿದುಕೊಂಡದ್ದು ಒಂದು ಸಣ್ಣ ಬಂಗಲೆ, ಕಾಸೀನೋ ದೆಲ್ಲಾವ್ರೋರಾ. ಅದರ ಒಂದು ಪುಟ್ಟ ಕೋಣೆಯ ಮೇಲ್ಛಾವಣಿಯಲ್ಲಿ ಇಂದ್ರ, ವರುಣ, ಯಮರನ್ನು ಹೋಲುವ ಮೂವರು ರೋಮನ್ ದೇವರುಗಳ ಚಿತ್ರ ಇದೆ. 1597ರ ಸುಮಾರಿನದು. ಅದು ಕಾರಾವಾಜ್ಜೋನದೇ ಅಂತ ಗುರುತಿಸಿದ್ದು 1960ರ ದಶಕದ ಕೊನೆಯಲ್ಲಿ, ಅಂದ್ರೆ ನಮ್ಮ ಸಿನಿಮಾ ಬಂದು ಎಷ್ಟೋ ವರ್ಷಕ್ಕೆ. ಛಾವಣಿ ಮೇಲೆ ಅವನು ಬಿಡಿಸಿದ ಚಿತ್ರ ಅಂತ ಇರೋದು ಇದೊಂದೇ. ಅವನದ್ದಲ್ಲ ಅನ್ನೋ ಪಂಡಿತರೂ ಇದ್ದಾರೆ.

2018ರಲ್ಲಿ ಆ ಮನೆಯ ರಾಜಕುಮಾರ ತೀರಿಕೊಂಡ. ಹೆಂಡತಿಗೂ ಅವನ ಮೊದಲ ಮದುವೆಯ ಮಕ್ಕಳಿಗೂ ಆಸ್ತಿ ವ್ಯಾಜ್ಯ. 2022ರ ಜನವರಿಯಲ್ಲಿ ಕೋರ್ಟಿನ ಆದೇಶದಂತೆ ಮನೆ ಹರಾಜಿಗೆ ಬಂತು. ಬೆಲೆ ಕಟ್ಟಿದ್ದು ಸುಮಾರು 47 ಕೋಟಿ ಯೂರೋ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಛಾವಣಿಗೆ. ಒಬ್ಬನೂ ಬಿಡ್ ಮಾಡಲಿಲ್ಲ. 2023ರ ಏಪ್ರಿಲ್‌ನಲ್ಲಿ ಅಲ್ಲಿ ವಾಸವಿದ್ದ ವಿಧವೆಯನ್ನು ಪೊಲೀಸರು ಹೊರಗೆ ಕಳಿಸಿದರು.

ಸಿನಿಮಾದಲ್ಲಿ ಕಾರಾವಾಜ್ಜೋ ಹೆಸರು ಮನೆಯವರನ್ನು ಮನೆಯೊಳಗೆ ಉಳಿಸಿತು. ನಿಜದಲ್ಲಿ ಅದೇ ಹೆಸರು ಯಾರೂ ಕೊಳ್ಳಲಾಗದ, ಯಾರೂ ಸುಮ್ಮನೆ ಬಾಳಲೂ ಆಗದ ರೇಟು ಆಗಿ ಕೂತಿತು. ಫ್ಲಾಯಾನೋ ಬದುಕಿದ್ದರೆ ಇದನ್ನೇ ಎರಡನೇ ಭಾಗ ಅಂತ ಬರೀತಿದ್ದ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಮುಚ್ಚಿಡೋದು ಸರಿಯಲ್ಲ. 'ರಾಜಕುಮಾರನ ಅರಮನೆ ಉಳಿದರೆಷ್ಟು ಬಿಟ್ಟರೆಷ್ಟು? ಆಗ ರೋಮಿನ ಅಂಚಿನಲ್ಲಿ ಸಾವಿರಾರು ಜನ ತಗಡಿನ ಗುಡಿಸಲಲ್ಲಿ ಇದ್ದರಲ್ಲ?' ಇದ್ದರು. ಪಸೋಲಿನಿಯ 'ಅಕ್ಕಾತ್ತೋನೆ'ಯೂ ಅದೇ 1961ರದ್ದು, ಅದನ್ನು ನೋಡಿದ ಮೇಲೆ ಈ ದೆವ್ವಗಳ ಗೋಳು ಸ್ವಲ್ಪ ಶ್ರೀಮಂತರ ಗೋಳು ಅನ್ನಿಸೋದು ಸಹಜ. ಆದರೆ ಅರಮನೆ ಕೆಡವಿದ ಜಾಗದಲ್ಲಿ ಗುಡಿಸಲಿನವರಿಗೆ ಯಾರು ಮನೆ ಕಟ್ಟಿಕೊಟ್ಟರು ಸ್ವಾಮಿ? ಅಂತೋನಿಯೋ ಚೆದೆರ್ನಾ ಅನ್ನೋ ಪತ್ರಕರ್ತ ಐವತ್ತರ ದಶಕದುದ್ದಕ್ಕೂ ಇದನ್ನೇ ಬರೆದ. 1956ರ ಅವನ ಪುಸ್ತಕದ ಹೆಸರೇ 'ಮನೆಯೊಳಗಿನ ಧ್ವಂಸಕರು' ಅಂತ. ಹಳೇ ರೋಮನ್ನು ಕೆಡವೋರೂ ಊರ ಹೊರಗೆ ಬೇಕಾಬಿಟ್ಟಿ ಕಟ್ಟೋರೂ ಬೇರೆಬೇರೆ ಅಲ್ಲ.

ಮತ್ತೆ, ಅದೇ 1956ರಲ್ಲಿ ದೆ ಸೀಕಾ ಮಾಡಿದ 'ಇಲ್ ತೆತ್ತೋ' (ಸೂರು) ನೋಡಿ. ಹೊಸದಾಗಿ ಮದುವೆಯಾದ ಬಡ ಜೋಡಿ ರೋಮಿನ ಅಂಚಿನಲ್ಲಿ ಒಂದೇ ರಾತ್ರಿಯಲ್ಲಿ ಮನೆ ಕಟ್ಟೋಕೆ ಹೊರಡುತ್ತೆ. ಬೆಳಗ್ಗೆ ಪೊಲೀಸರು ಬರೋದರೊಳಗೆ ಸೂರು ಹಾಕಿದ್ದರೆ ಅದನ್ನು ಕೆಡವೋ ಹಾಗಿಲ್ಲ. ಸೂರು ಇಲ್ಲದಿದ್ದರೆ ಅದು ಬರೀ ಅಕ್ರಮ ಗೋಡೆ. ಆ ಸಿನಿಮಾಕ್ಕೂ ಈ ದೆವ್ವದ ಹಾಸ್ಯಕ್ಕೂ ಏನೇನೂ ಸಂಬಂಧ ಇಲ್ಲ ಅಂತ ಅನ್ನಿಸುತ್ತೆ. ನನಗೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ಒಂದರಲ್ಲಿ ಏನೂ ಇಲ್ಲದವರು, ಇನ್ನೊಂದರಲ್ಲಿ ಎಲ್ಲ ಇದ್ದು ಸತ್ತವರು. ಇಬ್ಬರಿಗೂ 'ಇದು ನಮ್ಮ ಮನೆ' ಅನ್ನೋದು ಸಾಲಲ್ಲ. ಕತ್ತಲಲ್ಲಿ ಕಾನೂನಿನ ಒಂದು ಸಂದಿ ಹುಡುಕಿ ಅದರಲ್ಲಿ ತೂರಿಕೊಂಡರೆ ಮಾತ್ರ ಬೆಳಗ್ಗೆ ಮನೆ ಇರುತ್ತೆ.

ಇದೆಲ್ಲ ನನ್ನನ್ನು ಇಷ್ಟು ಕಾಡೋಕೆ ಕಾರಣ ಇಲ್ಲದೇ ಇಲ್ಲ. ನಮ್ಮೂರಿನ ತೊಟ್ಟಿಮನೆ ಈಗ ಹದಿನಾಲ್ಕು ಸಹಿಗಳ ಮನೆ. ಅಜ್ಜನ ಮಕ್ಕಳು, ಮೊಮ್ಮಕ್ಕಳು ಸೇರಿ ಹದಿನಾಲ್ಕು. ಹನ್ನೊಂದು ಬಿದ್ದಿದೆ, ನನ್ನದೂ ಸೇರಿ ಮೂರು ಬಾಕಿ. ಕೊಳ್ಳೋರು ಕೆಟ್ಟವರೇನಲ್ಲ, ಮಳಿಗೆ ಕಟ್ಟುತ್ತಾರಂತೆ. ಮಾರೋಣ ಅಂತಿರೋ ಚಿಕ್ಕಪ್ಪನ ವಾದವೂ ಸುಳ್ಳಲ್ಲ. ಹೆಂಚು ಬದಲಾಯಿಸೋಕೆ ವರ್ಷಾ ವರ್ಷಾ ದುಡ್ಡು ಕಳಿಸ್ತಿದ್ದವರು ಅವರೊಬ್ಬರೇ. ನಾವೆಲ್ಲ ನೆನಪು ಕಳಿಸ್ತಿದ್ದೆವು. ಆದರೆ ಆ ಮನೆಯಲ್ಲಿ ಅರವತ್ತು ವರ್ಷ ಒಲೆ ಊದಿದ ಒಬ್ಬ ವಿಧವೆ ಅತ್ತೆ ಇದ್ದರು. ಅವರಿಗೆ ಮಕ್ಕಳಿರಲಿಲ್ಲ, ಪಾಲೂ ಇರಲಿಲ್ಲ. ಪತ್ರದಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಅಟ್ಟದ ಯಾವ ಮೂಲೆಯಲ್ಲಿ ಏನಿದೆ ಅಂತ ಗೊತ್ತಿದ್ದದ್ದು ಅವರಿಗೊಬ್ಬರಿಗೇ. ದೋನ್ನಾ ಫ್ಲೋರಾಳನ್ನು ನೋಡೋವಾಗ ನನಗೆ ನೆನಪಾದದ್ದು ಅವರು. ನಮ್ಮನೇಲಿ ಕಾರಾವಾಜ್ಜೋ ಬರೋ ಸಂಭವ ಇಲ್ಲ. ಹೆಚ್ಚೆಂದರೆ ಗೋಡೆ ಮೇಲೆ ಹಬ್ಬಕ್ಕೆ ಬರೆದ ಕೆಮ್ಮಣ್ಣಿನ ಚಿತ್ತಾರ ಇದೆ, ಅದೂ ಅವರೇ ಬರೆದದ್ದು. ಅದಕ್ಕೆ ಯಾವ ಪಂಡಿತರನ್ನು ಕರೆಸೋದು?

ಇಟಲಿಯವರು ಈ ಚಾಳಿ ಬಿಟ್ಟಿಲ್ಲ ಅನ್ನೋದೊಂದು ಸಮಾಧಾನ. 2012ರಲ್ಲಿ ಫೆರ್ಜಾನ್ ಒಜ್‌ಪೆತೆಕ್ 'ಮಾಞ್ಞೀಫಿಕಾ ಪ್ರೆಸೆನ್ಜಾ' ಅಂತ ಮಾಡಿದ. ನಟನಾಗಬೇಕು ಅಂತ ಸಿಸಿಲಿಯಿಂದ ಬಂದ ಹುಡುಗ ರೋಮಿನಲ್ಲಿ ಹಳೇ ಮನೆ ಬಾಡಿಗೆಗೆ ಹಿಡೀತಾನೆ. ಮನೆ ತುಂಬ ಒಂದು ನಾಟಕ ಕಂಪನಿಯ ದೆವ್ವಗಳು, ಯುದ್ಧಕಾಲದವು. ಅವನು ಮೊದಲು ಎಲ್ಲರ ಹಾಗೇ ಓಡಿಸೋಕೆ ನೋಡ್ತಾನೆ. ಆಮೇಲೆ ಕೂತು ಅವರ ಮಾತು ಕೇಳ್ತಾನೆ. 'ಫಾಂತಾಸ್ಮಿ'ಯಷ್ಟು ಚುರುಕಿಲ್ಲ, ಮಧ್ಯೆ ಎಳೆದಾಡುತ್ತೆ, ಆದರೂ ನೋಡಬಹುದು.

ಮೊದಲು ನೋಡೋದಾದರೆ ಮಾತ್ರ 1961ರದ್ದನ್ನೇ ನೋಡಿ, ಸಬ್‌ಟೈಟಲ್ ಇರೋ ಪ್ರತಿ ಹುಡುಕಿ. ಹುಡುಗರ ಜೊತೆ ಕೂತು ನೋಡಬಹುದು, ರಾತ್ರಿ ಯಾರೂ ಹೆದರಿ ಏಳಲ್ಲ. ಪಂಡಿತರು ಕಾರಾವಾಜ್ಜೋ ಅಂದಾಗ ಎಲ್ಲರೂ ನಗ್ತಾರೆ. ನಮ್ಮನೇಲಿ ಎಂಟು ವರ್ಷದ ಮಗಳು ಮಾತ್ರ ನಗಲಿಲ್ಲ. 'ಪಾಪ, ಬರೆದವನು ಅವನಲ್ವಾ? ಅವನ ಹೆಸರು ಯಾರೂ ಹಾಕಲ್ವಾ?' ಅಂತ ಕೇಳಿದಳು.